ಮೂಡಕ್ಕೆ ಎಳೆದ ಬಾಣಗಳು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಫೋರ್ಟ್ ಕೊಚ್ಚಿಯ ಆ ಸಭೆಯಿಂದ ನಾನು ಮುಖ ಕೆಂಪು ಮಾಡಿಕೊಂಡು ಎದ್ದು ಬಂದದ್ದನ್ನು ಅಲ್ಲಿಯ ಹೆಂಗಸರು ಇವತ್ತಿಗೂ ನಟಿಸಿ ತೋರಿಸುತ್ತಾರೆ. ಕಂಕುಳಲ್ಲಿ ಸುತ್ತಿದ ನಕ್ಷೆ, ಹೆಗಲಿಂದ ಜಾರುವ ಬ್ಯಾಗು, ಬಾಗಿಲಲ್ಲಿ ಚಪ್ಪಲಿ ಹುಡುಕುವ ಗಡಿಬಿಡಿ, ಒಂದನ್ನೂ ಬಿಡುವುದಿಲ್ಲ. ಸಿಟ್ಟಿನಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಹೋದೆ ಎನ್ನುವುದು ಮಾತ್ರ ಅವರೇ ಸೇರಿಸಿದ್ದು. ಅದು ಶುದ್ಧ ಸುಳ್ಳು.

ನನ್ನ ಕೆಲಸ ಸುನಾಮಿಯದ್ದು. ಹಾಗೆಂದರೆ ಜನ ನನ್ನನ್ನು ಅಪಶಕುನದ ಹಾಗೆ ನೋಡುತ್ತಾರೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಸುನಾಮಿ ಬರುವ ಸೂಚನೆ ಸಿಕ್ಕಿದರೆ ಕಡಲ ದಂಡೆಯ ಜನ ಯಾವ ದಾರಿಯಲ್ಲಿ, ಎಲ್ಲಿಗೆ, ಎಷ್ಟು ಹೊತ್ತಿನೊಳಗೆ ಹೋಗಬೇಕು ಎಂದು ನಕ್ಷೆ ಮಾಡುವುದು, ಆಮೇಲೆ ಅದನ್ನು ಅವರ ಜೊತೆ ನಡೆದು ಅಭ್ಯಾಸ ಮಾಡಿಸುವುದು. ಓದಿದ್ದು ಸಮುದ್ರ ವಿಜ್ಞಾನ. ಕೂರುವುದು ಕಳಮಶ್ಶೇರಿಯ ಒಂದು ಸಣ್ಣ ಯೋಜನಾ ಕಚೇರಿಯಲ್ಲಿ, ಉತ್ತರ ಕೊಡಬೇಕಾದದ್ದು ತಿರುವನಂತಪುರದ ದೊಡ್ಡ ಕಚೇರಿಗೆ. ಗಂಡ ಮೈಸೂರಿನವನು, ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ. ಮನೆ ಪಾಲಾರಿವಟ್ಟಂನಲ್ಲಿ. ಏಳು ವರ್ಷದ ಮಗಳು ನಾನು ಕನ್ನಡದಲ್ಲಿ ಬೈದರೆ ಮಲಯಾಳದಲ್ಲಿ ತಿರುಗಿ ಮಾತಾಡುತ್ತಾಳೆ.

ನನ್ನೂರು ಬೈಂದೂರಿನ ಕಡೆ. ಅಲ್ಲಿ ಕಡಲಿಗೆ ಬೆನ್ನು ಹಾಕಿ ಸ್ವಲ್ಪ ಹೊತ್ತು ನಡೆದರೆ ಕಾಲಿನಡಿ ನೆಲ ಏರತೊಡಗುತ್ತದೆ, ಇನ್ನೂ ನಡೆದರೆ ಗುಡ್ಡ, ಅದರಾಚೆ ಘಟ್ಟ. ಪಡುವಲಿಗೆ ಹೋಗುವುದೆಂದರೆ ಇಳಿಯುವುದು, ಮೂಡಕ್ಕೆ ಹೋಗುವುದೆಂದರೆ ಹತ್ತುವುದು. ನಾವು ಚಿಕ್ಕವರಿದ್ದಾಗ ಕಡಲು ಜೋರಾದ ದಿನ ಅಜ್ಜಿ “ಮೂಡ್ ಬದಿಗ್ ಓಡಿ ಮಕ್ಳೇ” ಎಂದು ಕೂಗುತ್ತಿದ್ದರು, ನಾವು ಓಡುತ್ತಿದ್ದೆವು. ಯಾಕೆ ಎಂದು ಯಾರೂ ಕೇಳಿದ್ದಿಲ್ಲ. ಅಷ್ಟು ವರ್ಷ ಪುಸ್ತಕ ಓದಿ, ಪರೀಕ್ಷೆ ಪಾಸು ಮಾಡಿದ ಮೇಲೂ ಅಜ್ಜಿಯ ಆ ಮಾತು ನನ್ನ ಕೈಬೆರಳಲ್ಲಿ ಕೂತಿತ್ತು ಎಂದು ನನಗೇ ಗೊತ್ತಿರಲಿಲ್ಲ.

ನನಗೆ ಕೊಟ್ಟ ವಾರ್ಡು ಫೋರ್ಟ್ ಕೊಚ್ಚಿಯಿಂದ ತುಸು ತೆಂಕಕ್ಕೆ, ಪ್ರವಾಸಿಗಳು ಮುಗಿದು ಬಲೆ ಹರಡಿದ ಅಂಗಳಗಳು ಶುರುವಾಗುವಲ್ಲಿ. ಪಡುವಲಲ್ಲಿ ದೊಡ್ಡ ಕಲ್ಲು ಪೇರಿಸಿದ ಕಡಲ ಗೋಡೆ, ಅದಕ್ಕೆ ಒತ್ತಿಕೊಂಡ ಹಾಗೆ ಮನೆಗಳು. ಮೂರು ತಿಂಗಳು ದುಡಿದೆ. ಮನೆ ಮನೆ ಎಣಿಸಿದೆ, ಗಲ್ಲಿಗಳ ಅಗಲ ಅಳೆದೆ, ಬಿಸಿಲಲ್ಲಿ ಸ್ಟಾಪ್‌ವಾಚ್ ಹಿಡಿದು ಡಾಂಬರು ರಸ್ತೆಯವರೆಗೆ ಹತ್ತಾರು ಸಲ ನಡೆದೆ. ಅಲ್ಲಿಂದ ಮುಂದಿನದನ್ನು ಲ್ಯಾಪ್‌ಟಾಪಿನ ಮೇಲೆ ನೋಡಿ ಮುಗಿಸಿದೆ. ಎತ್ತರದ ಲೆಕ್ಕವೂ ನನ್ನ ಹತ್ತಿರ ಇತ್ತು, ಆದರೆ ಆ ಊರಲ್ಲಿ ಎಲ್ಲ ಕಡೆ ಅಂಗೈ ಅಗಲದ ವ್ಯತ್ಯಾಸ, ಎಲ್ಲವೂ ಒಂದೇ ಹಸಿರು ಬಣ್ಣ. ಆ ಹಸಿರಿನ ಮೇಲೆ ನಾನು ಕೆಂಪು ಬಾಣಗಳನ್ನು ಎಳೆದೆ. ಎಲ್ಲವೂ ಮೂಡಕ್ಕೆ. ನೋಡಲು ಎಷ್ಟು ಚಂದ ಇತ್ತೆಂದರೆ ಗಂಡನನ್ನು ಕರೆದು ತೋರಿಸಿದೆ.

ಸಭೆ ನಡೆದದ್ದು ಪಳ್ಳಿಯ ಪಕ್ಕದ ಹಾಲಿನಲ್ಲಿ. ಅಲ್ಲಿಯವರು ಇಗರ್ಜಿಗೆ ಪಳ್ಳಿ ಎನ್ನುತ್ತಾರೆ. ಅವರ ಮಾತು ಮಲಯಾಳ. ಆದರೆ ನನ್ನ ಕಿವಿಗೆ ಅದು ನಮ್ಮ ಕಡಲ ದಂಡೆಯ ಕನ್ನಡದ ಹಾಗೆಯೇ ಕೇಳಿಸುವುದರಿಂದ ಇಲ್ಲಿಯೂ ಹಾಗೇ ಬರೆಯುತ್ತೇನೆ. ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಮುಂದಿನ ಸಾಲಿನಲ್ಲಿ ಕೂತಿದ್ದರು. ಚಟ್ಟೆ ಎನ್ನುವ ಸಡಿಲ ಬಿಳಿ ರವಿಕೆ, ಬಿಳಿ ಮುಂಡು, ಕಿವಿಯ ತೂತು ಹೆಗಲ ಹತ್ತಿರಕ್ಕೆ ಇಳಿದಿತ್ತು. ಐವತ್ತು ವರ್ಷ ಮೀನು ಮಾರಿದ ಕೈ. ವಾರ್ಡಿನವರೆಲ್ಲ ಅವರನ್ನು ಅಮ್ಮಚ್ಚಿ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ನಾನು ಪರದೆಯ ಮೇಲೆ ನಕ್ಷೆ ತೋರಿಸಿ ಇಪ್ಪತ್ತು ನಿಮಿಷ ಮಾತಾಡಿದ ಮೇಲೆ ಅವರು ಕೈ ಎತ್ತಿದರು.

“ಮೋಳೇ,” ಮಗಳೇ ಎನ್ನುವ ಹಾಗೆ ಕರೆದರು, “ಈ ಬಾಣದ ತುದಿಯಲ್ಲಿ ಎಂತ ಉಂಟು?”

“ಸುರಕ್ಷಿತ ಜಾಗ, ಅಮ್ಮಚ್ಚಿ.”

“ಅಲ್ಲಿ ನನ್ನ ತಂಗಿಯ ಮನೆ ಉಂಟು. ಉಬ್ಬರದ ತಿಂಗಳು ಬಂದ್ರೆ ಅವಳ ಅಡುಗೆಮನೆಯಲ್ಲಿ ಮೊಣಕಾಲು ನೀರು. ಮಂಚದ ಮೇಲೆ ಒಲೆ ಇಟ್ಟು ಗಂಜಿ ಬೇಯಿಸ್ತಾಳೆ. ಕಡಲಿನ ನೀರಿಂದ ತಪ್ಪಿಸಿಕೊಂಡು ಕಾಯಲಿನ ಹಿನ್ನೀರಿಗೆ ಹೋಗಿ ಬೀಳ್ಲಿಕ್ಕೆ ನಿನ್ನ ನಕ್ಷೆ ಯಾಕೆ? ಆ ದಾರಿ ನಮಗೆ ಗೊತ್ತುಂಟು.”

ಹಾಲಿಗೆ ಹಾಲೇ ನಕ್ಕಿತು. ಹಿಂದಿನ ಸಾಲಿನಲ್ಲಿ ಒಬ್ಬಳು ನಗುತ್ತಾ ನಗುತ್ತಾ ಬೆಂಚಿನಿಂದ ಜಾರಿದಳು. ನನಗೆ ಮೈಯೆಲ್ಲ ಉರಿದುಹೋಯಿತು. “ಎಲ್ಲ ಗೊತ್ತಿದ್ದ ಮೇಲೆ ನನ್ನನ್ನು ಯಾಕೆ ಕರೆಸಿದಿರಿ?” ಎಂದು ಕಿರುಚಿ ನಕ್ಷೆ ಸುತ್ತಿಕೊಂಡು ಹೊರಟೆ. ಅವರು ಯಾರೂ ನನ್ನನ್ನು ಕರೆಸಿರಲಿಲ್ಲ, ನಾನೇ ಹೋದದ್ದು ಎನ್ನುವುದು ಬಸ್ಸು ಹತ್ತಿದ ಮೇಲೆ ನೆನಪಾಯಿತು.

ಸಂಜೆ ಗಂಡನ ಮುಂದೆ ಹೇಳಿಕೊಂಡು ಅತ್ತೆ. ಅವನು ಸಮಾಧಾನ ಮಾಡುತ್ತಾನೆ ಅಂದುಕೊಂಡರೆ, ನಕ್ಷೆ ಬಿಡಿಸಿ ನೋಡಿ, “ಅಲ್ಲ ಕಣೇ, ನಿಮ್ಮೂರಿನ ಗುಡ್ಡಾನ ತಂದು ಕೊಚ್ಚಿಯಲ್ಲಿ ಇಟ್ಬಿಟ್ಟಿದ್ದೀಯಲ್ಲ!” ಅಂದ.

ಥೂ, ಅವನಿಗೆ ಕಂಡದ್ದು ನನಗೆ ಕಾಣಲಿಲ್ಲವಲ್ಲ! ಕೊಚ್ಚಿಯಲ್ಲಿ ಗುಡ್ಡ ಎಲ್ಲಿದೆ? ಪಡುವಲಲ್ಲಿ ಕಡಲು, ಮೂಡಲಲ್ಲಿ ಕಾಯಲು, ನಡುವೆ ತಟ್ಟೆಯಂಥ ನೆಲ. ಮೈಸೂರಿನವನೊಬ್ಬ ಈ ತಪ್ಪು ಮಾಡುತ್ತಿರಲಿಲ್ಲ, ಮಲಯಾಳಿಯೂ ಮಾಡುತ್ತಿರಲಿಲ್ಲ. ಬೆನ್ನಿಗೆ ಗುಡ್ಡ ಇಟ್ಟುಕೊಂಡು ಬೆಳೆದ ನನ್ನಂಥವಳೇ ಮಾಡಬೇಕು.

ಸುನಾಮಿ ಎಂದರೆ ತೆಂಗಿನ ಮರದೆತ್ತರದ ಒಂದು ಅಲೆ ಎಂದು ಬಹಳ ಜನ ತಿಳಿದಿದ್ದಾರೆ. ನನಗೆ ಈ ತಿಳುವಳಿಕೆಯ ಮೇಲೂ ಸಿಟ್ಟು. ಗಾಳಿಗೆ ಏಳುವ ಅಲೆ ನೀರಿನ ಮೇಲ್ಮೈಯದ್ದು, ಬಂದು ಒಡೆದು ಹಿಂದೆ ಹೋಗುತ್ತದೆ. ಸುನಾಮಿಯಲ್ಲಿ ಕಡಲ ತಳವೇ ಅಲುಗಿ ಮೇಲಿನ ನೀರಷ್ಟನ್ನೂ ತಳ್ಳಿರುತ್ತದೆ. ಆಳದಲ್ಲಿ ಅದು ದೋಣಿಯವರಿಗೆ ತಿಳಿಯುವುದೂ ಇಲ್ಲ. ದಡದ ಹತ್ತಿರ ಆಳ ಕಡಿಮೆಯಾದಾಗ ಓಟ ತಗ್ಗಿ ಎತ್ತರ ಏರುತ್ತದೆ, ಆಮೇಲೆ ನೀರು ನಿಮಿಷಗಟ್ಟಲೆ ಒಳಗೆ ಬರುತ್ತಲೇ ಇರುತ್ತದೆ. ಮೊಣಕಾಲಷ್ಟು ಬಂದರೂ ನಿಂತವರನ್ನು ಕೆಡವುತ್ತದೆ. ಕೆಲವೊಮ್ಮೆ ಮೊದಲು ಕಡಲು ಹಿಂದೆ ಸರಿದು ತಳ ಕಾಣುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಒಂದು ಬಂದು ಹೋದರೆ ಮುಗಿಯಿತು ಎಂದೂ ಅಲ್ಲ, ಎರಡನೆಯದೋ ಮೂರನೆಯದೋ ಮೊದಲಿನದಕ್ಕಿಂತ ದೊಡ್ಡದಿರಬಹುದು. ಇವೆಲ್ಲ ನನಗೆ ಬಾಯಿಪಾಠ. ಆದರೆ ಅದೇ ನೀರು ಅಳಿವೆಯಿಂದ ಒಳಹೊಕ್ಕು ಕಾಯಲಿನಲ್ಲಿ ಏರಿ ಬೆನ್ನ ಕಡೆಯಿಂದಲೂ ಬರಬಹುದು ಎನ್ನುವುದನ್ನು ನಕ್ಷೆ ಮಾಡುವಾಗ ಮರೆತಿದ್ದೆ.

ಮುಂದಿನ ವಾರ ನಾಚಿಕೆ ನುಂಗಿಕೊಂಡು ಒಬ್ಬಳೇ ಹೋದೆ. ಅಮ್ಮಚ್ಚಿ ಮನೆಮುಂದೆ ಕೂತು ಬಲೆಯಿಂದ ಕಸ ಬಿಡಿಸುತ್ತಿದ್ದರು.

“ಬಂದ್ಯಾ? ಸಿಟ್ಟು ಇಳಿಯಿತಾ?”

“ನನ್ನದೇ ತಪ್ಪು ಅಮ್ಮಚ್ಚಿ.”

“ತಪ್ಪು ಅಂತ ಗೊತ್ತಾದ್ರೆ ಆಯ್ತಲ್ಲ. ಬಾ, ಕಾಲಲ್ಲಿ ನಡೆದು ನೋಡು,” ಎಂದು ಎದ್ದರು.

ನನ್ನ ಬಾಣಗಳ ಉದ್ದಕ್ಕೂ ನನ್ನನ್ನು ನಡೆಸಿದರು. ಡಾಂಬರು ರಸ್ತೆ ದಾಟಿದ ಮೇಲೆ ನೆಲ ಏರಲಿಲ್ಲ, ಇಳಿಯಿತು. ಕೊನೆಯಲ್ಲಿ ಕಪ್ಪು ನೀರಿನ ತೋಡು, ಅದರ ಮೇಲೆ ಒಬ್ಬರೇ ನಡೆಯುವಷ್ಟು ಅಗಲದ ಕಾಲುಸಂಕ. ಸಾವಿರ ಜನ ಓಡಿ ಬಂದರೆ ಆ ಸಂಕದ ಮೇಲೆ ಏನಾಗುತ್ತಿತ್ತು! “ಎರಡು ಸಾವಿರದ ನಾಲ್ಕರ ಡಿಸೆಂಬರಿನಲ್ಲಿ ಸುನಾಮಿ ಬಂದ ದಿನ ಎಲ್ಲರೂ ಕಡಲು ನೋಡ್ತಾ ನಿಂತಿದ್ರು,” ಅಂದರು ಅಮ್ಮಚ್ಚಿ. “ನಾನು ಒಲೆ ಆರಿಸ್ಲಿಕ್ಕೆ ಮನೆಗೆ ತಿರುಗಿದೆ. ನೋಡಿದ್ರೆ ತೋಡಿನ ನೀರು ಹಿತ್ತಿಲ ಕಡೆಯಿಂದ ಬಂದು ಕೋಳಿಗೂಡು ತೇಲಿಸ್ತಾ ಇತ್ತು.”

“ಹಾಗಾದರೆ ಎಲ್ಲಿಗೆ ಹೋಗಬೇಕು?” ಎಂದು ಕೇಳಿದೆ. ಅವರು ಗದ್ದ ಎತ್ತಿ ಮೇಲಕ್ಕೆ ತೋರಿಸಿದರು. ಪಳ್ಳಿಯ ಹಿಂದೆ ಮೂರು ಮಾಳಿಗೆಯ ಶಾಲೆ, ದಪ್ಪ ಕಂಬಗಳ ಮೇಲೆ ಕಟ್ಟಿದ್ದು, ಅಗಲ ತಾರಸಿ. ಕಡಲಿಂದ ದೂರ ಹೋಗಲು ದಾರಿ ಇಲ್ಲದ ಕಡೆ ಎತ್ತರಕ್ಕೆ ಹೋಗಬೇಕು ಎಂದು ನನ್ನ ಪಾಠಪುಸ್ತಕದಲ್ಲಿಯೇ ಇತ್ತು. ಎಂಜಿನಿಯರರನ್ನು ಕರೆಸಿದೆ. ಅವರು ಕಂಬ, ತೊಲೆ, ಅಡಿಪಾಯ ಎಲ್ಲ ಪರೀಕ್ಷಿಸಿ ಆಗಬಹುದು ಎಂದು ಬರೆದುಕೊಟ್ಟರು. ಹಳೆಯ ಬಾಣಗಳನ್ನೆಲ್ಲ ಅಳಿಸಿ ಶಾಲೆಯ ಮೆಟ್ಟಿಲಿಗೆ ತಿರುಗಿಸಿದೆ. ಹೊಸ ನಕ್ಷೆ ಹಿಡಿದು ಅಮ್ಮಚ್ಚಿಯ ಮನೆಗೆ ಓಡಿದೆ, ಶಭಾಷ್ ಅನ್ನಿಸಿಕೊಳ್ಳಬೇಕೆಂಬ ಆಸೆ.

ಅವರು ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋದರು. ಮಂಚದ ಮೇಲೆ ಅವರ ಗಂಡ ಮಲಗಿದ್ದರು. ಒಂದು ಕಾಲದಲ್ಲಿ ದೊಡ್ಡ ದೋಣಿಯ ಚುಕ್ಕಾಣಿ ಹಿಡಿದವರು. ನಾಲ್ಕು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದುಹೋಗಿತ್ತು. ಮಾತು ನಿಧಾನ, ಕಣ್ಣು ಮಾತ್ರ ಚುರುಕು. ವಾರ್ಡಿನವರಿಗೆ ಅವರು ಅಪ್ಪಚ್ಚನ್.

“ಸೈರನ್ ಊದಿದ್ರೆ ಎಲ್ಲರೂ ನಿನ್ನ ಶಾಲೆ ಹತ್ತಲಿ. ನಾನು ಹತ್ತುವುದಿಲ್ಲ,” ಅಂದರು ಅಮ್ಮಚ್ಚಿ. “ಇವರ ಪಕ್ಕ ಇಲ್ಲೇ ಕೂತುಕೊಳ್ತೇನೆ. ಅದಕ್ಕೆ ನಿನ್ನ ನಕ್ಷೆಯಲ್ಲಿ ಯಾವ ಬಣ್ಣ ಹಾಕ್ತಿ?”

ಅವರು ಹೆದರಿಸಲು ಹೇಳಿದ ಮಾತಲ್ಲ, ನಾಳೆ ಸಂತೆಗೆ ಹೋಗುತ್ತೇನೆ ಎಂದಷ್ಟು ಸಹಜವಾಗಿ ಹೇಳಿದ್ದು. ನನ್ನ ನಕ್ಷೆಯ ಪ್ರಕಾರ ಸುನಾಮಿ ಬಂದರೆ ಈ ಇಬ್ಬರೂ ಸಾಯುತ್ತಾರೆ. ಇವರನ್ನು ಬಿಟ್ಟು ಉಳಿದವರನ್ನು ಉಳಿಸುವ ನಕ್ಷೆ ನನಗೆ ಬೇಡ ಎಂದು ಆ ಕ್ಷಣಕ್ಕೇ ತೀರ್ಮಾನಿಸಿದೆ.

ಹೊಸ ಯೋಜನೆ ಮಂಡಿಸಲು ಬೆಳಗಿನ ರೈಲು ಹಿಡಿದು ತಿರುವನಂತಪುರಕ್ಕೆ ಹೋದೆ. ಹಿರಿಯ ಅಧಿಕಾರಿ ಕೆಟ್ಟವರೇನಲ್ಲ. ಬಾಣ ತಿರುಗಿಸಿದ್ದಕ್ಕೆ ಹೊಗಳಿದರು, ಶಾಲೆಯ ತಾರಸಿಗೆ ಒಪ್ಪಿದರು. ಆಮೇಲೆ ಕೊನೆಯ ಪುಟಕ್ಕೆ ಬಂದು ಕನ್ನಡಕ ತೆಗೆದರು.

“ಹಾಸಿಗೆ ಹಿಡಿದವರನ್ನು ಡ್ರಿಲ್ಲಿಗೆ ಸೇರಿಸಬೇಡಿ. ಆಂಬುಲೆನ್ಸ್ ಮೂಲಕ ಎಂದು ಬರೆದರೆ ಸಾಕು. ಎಲ್ಲ ವಾರ್ಡಿನಲ್ಲೂ ಹಾಗೇ ಬರೆಯುತ್ತಾರೆ.”

“ಆ ಗಲ್ಲಿಯೊಳಗೆ ಆಟೋ ಕೂಡ ಬರುವುದಿಲ್ಲ ಸಾರ್.”

“ಕಾಗದದ ಮೇಲೆ ಬರುತ್ತದಲ್ಲ.”

ಸಿಟ್ಟು ನೆತ್ತಿಗೇರಿತು. “ಕಾಗದದ ಮೇಲೆ ಸುನಾಮಿಯೂ ಬರುವುದಿಲ್ಲ, ನನಗೂ ನಿಮಗೂ ಸಂಬಳ ಯಾಕೆ ಹಾಗಾದರೆ?” ಎಂದುಬಿಟ್ಟೆ. ಮೇಜಿನ ಸುತ್ತ ಕೂತವರೆಲ್ಲ ತಮ್ಮ ತಮ್ಮ ಚಹಾದ ಲೋಟ ನೋಡತೊಡಗಿದರು. ಕೆಲಸ ಹೋಯಿತು ಅಂದುಕೊಂಡೆ. ಅಧಿಕಾರಿ ಕನ್ನಡಕ ಮತ್ತೆ ಹಾಕಿಕೊಂಡು, “ಆಯಿತು. ಸೈರನ್ ಊದಿ ಇಪ್ಪತ್ತೈದು ನಿಮಿಷದೊಳಗೆ ಆ ಮನುಷ್ಯ ತಾರಸಿಯ ಮೇಲಿದ್ದರೆ ನಿಮ್ಮ ಯೋಜನೆಗೆ ಸಹಿ ಹಾಕುತ್ತೇನೆ. ಇಲ್ಲದಿದ್ದರೆ ನಾನು ಹೇಳಿದ ಹಾಗೆ ಬರೆಯಬೇಕು. ಯಾವ ದಿನ, ಯಾವ ಹೊತ್ತು ಎಂದು ನಾನು ಮುಂಚೆ ಹೇಳುವುದಿಲ್ಲ. ಗಡಿಯಾರ ನಾನೇ ಹಿಡಿಯುತ್ತೇನೆ,” ಅಂದರು. ಸಾಯಂಕಾಲದ ರೈಲಿನಲ್ಲಿ ಕೊಲ್ಲಂ ದಾಟುವುದರೊಳಗೆ ಬೇಕಾದ ಸಾಮಾನಿನ ಪಟ್ಟಿ ಬರೆದು ಮುಗಿಸಿದೆ.

ಸ್ಟ್ರೆಚರ್ ತಂದೆವು. ಕಾಲೇಜಿನ ನಾಲ್ಕು ಮಂದಿ ಬಲವಾದ ಹುಡುಗಿಯರು, ಹುಡುಗರು ಸ್ವಯಂಸೇವಕರಾಗಿ ಬಂದರು. ಅಪ್ಪಚ್ಚನ್ ಬದಲು ಒಂದು ಮೂಟೆ ಅಕ್ಕಿ ಇಟ್ಟು ಹೊತ್ತೆವು. ಗಲ್ಲಿಯಲ್ಲಿ ಸರಿ ಹೋಯಿತು. ಶಾಲೆಯ ಮೆಟ್ಟಿಲು ತಿರುಗುವಲ್ಲಿ ಸ್ಟ್ರೆಚರ್ ಗೋಡೆಗೆ ಸಿಕ್ಕಿಕೊಂಡಿತು, ಅತ್ತಲೂ ಇಲ್ಲ ಇತ್ತಲೂ ಇಲ್ಲ. ಓರೆ ಮಾಡಿದರೆ ಮೂಟೆ ಜಾರಿ ಮೆಟ್ಟಿಲ ಮೇಲೆಲ್ಲ ಅಕ್ಕಿ. ಕುರ್ಚಿಗೆ ಕಟ್ಟಿ ನೋಡಿದೆವು. ಅದರಲ್ಲಿ ನಾನೇ ಕೂತಿದ್ದೆ, ಒಂದು ಬದಿಗೆ ವಾಲಿ ಮೊಣಕೈ ತರಚಿಹೋಯಿತು. ನಲವತ್ತು ನಿಮಿಷಕ್ಕೆ ಮೊದಲ ಮಾಳಿಗೆ ಮುಟ್ಟಿರಲಿಲ್ಲ.

ಸೋತ ಮುಖ ಹೊತ್ತು ಅಪ್ಪಚ್ಚನ್‌ಗೆ ವರದಿ ಒಪ್ಪಿಸಿದೆ. ಅವರು ಮೇಲಿನ ಮಾಡು ನೋಡುತ್ತಾ ಎಲ್ಲ ಕೇಳಿದರು. ಆಮೇಲೆ ಒಂದೊಂದೇ ಮಾತನ್ನು ಎಳೆದು ತಂದು ಕೇಳಿದರು: “ನಾನು... ಎಂಜಿನ್‌ಗಿಂತ... ಭಾರವಾ?”

ಅಮ್ಮಚ್ಚಿ ಹಣೆ ಚಚ್ಚಿಕೊಂಡರು. ಅಲ್ಲಿ ದೋಣಿ ದಡಕ್ಕೆ ಬಂದ ಕೂಡಲೇ ಹಿಂಬದಿಯ ಎಂಜಿನ್ ಬಿಚ್ಚಿ, ಹಳೆಯ ಬಲೆಯ ತುಂಡಿನಲ್ಲಿ ಸುತ್ತಿ, ಬಿದಿರ ಗಳಕ್ಕೆ ಕಟ್ಟಿ, ಇಬ್ಬರು ಹೆಗಲು ಕೊಟ್ಟು ಮನೆಗೆ ತರುತ್ತಾರೆ. ಕಲ್ಲುಗೋಡೆ ಹತ್ತಿ, ಇಕ್ಕಟ್ಟು ಗಲ್ಲಿ ತಿರುಗಿ, ದಿನಾ ತರುತ್ತಾರೆ. ಮೂರು ತಿಂಗಳಲ್ಲಿ ನಾನು ನೂರು ಸಲ ನೋಡಿದ್ದೆ. ಅದೇ ಬಲೆ, ಅದೇ ಗಳ. ಬಲೆ ಜೋತು ಬೀಳುವುದರಿಂದ ಮನುಷ್ಯ ಅದರೊಳಗೆ ಅರ್ಧ ಕೂತ ಹಾಗೆ ಮಡಚಿಕೊಳ್ಳುತ್ತಾನೆ, ಗಳ ಗಿಡ್ಡ ಇದ್ದರೆ ಸಾಕು, ಎಂಥ ತಿರುವಿನಲ್ಲೂ ತಿರುಗುತ್ತದೆ. ದೋಣಿಯ ನಾಲ್ಕು ಗಂಡಸರನ್ನು ಕರೆದು ಅಕ್ಕಿ ಮೂಟೆ ಹೊರಿಸಿದೆ. ಹದಿನೆಂಟು ನಿಮಿಷ! ನಾನು ಶಾಲೆಯ ತಾರಸಿಯ ಮೇಲೆ ಕುಣಿದೆ, ಯಾರು ನೋಡಿದರೆ ನನಗೇನು?

ಸೈರನ್ ಊದಿದ್ದು ಒಂದು ಶನಿವಾರ ಬೆಳಿಗ್ಗೆ ಎಂಟೂವರೆಗೆ. ಅಧಿಕಾರಿ ಹಿಂದಿನ ದಿನವೇ ಕೊಚ್ಚಿಗೆ ಬಂದು ಉಳಿದಿದ್ದರು, ನನಗೆ ತಿಳಿಸಿದ್ದು ಅರ್ಧ ಗಂಟೆ ಮೊದಲು. ಆಟೋದವನಿಗೆ ಬೈದು ಓಡಿಸಿಕೊಂಡು ತಲುಪುವಷ್ಟರಲ್ಲಿ ಸೈರನ್ ಶುರುವಾಗಿತ್ತು. ಗಲ್ಲಿಗಳಿಂದ ಜನ ಹೊರಬರುತ್ತಿದ್ದರು. ಕೈಯಲ್ಲಿ ನೀರಿನ ಬಾಟಲಿ, ರೇಷನ್ ಕಾರ್ಡಿನ ಚೀಲ, ಕಂಕುಳಲ್ಲಿ ಮಕ್ಕಳು. ಯಾರೂ ಕಡಲು ನೋಡಲು ನಿಲ್ಲಲಿಲ್ಲ, ಯಾರೂ ಮೂಡಕ್ಕೆ ಓಡಲಿಲ್ಲ. ಎದೆ ತುಂಬಿ ಬಂತು. ಅಷ್ಟರಲ್ಲಿ ಒಂದು ಮಾತು ತಲೆಗೆ ಹೊಳೆಯಿತು. ಬೆಳಿಗ್ಗೆ ಎಂಟೂವರೆ. ದೋಣಿಯ ಗಂಡಸರು ಎಲ್ಲಿರುತ್ತಾರೆ?

ಕಡಲಲ್ಲಿ. ಮತ್ತೆಲ್ಲಿ? ಮೀನುಗಾರರು ಬೆಳಿಗ್ಗೆ ಕಡಲಲ್ಲಿರುತ್ತಾರೆ ಎಂದು ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ನಾನು ಅಭ್ಯಾಸ ಮಾಡಿಸಿದ್ದೆಲ್ಲ ಸಂಜೆ, ಅವರು ಬಿಡುವಾಗಿದ್ದಾಗ. ಇಲ್ಲದ ಗುಡ್ಡ ಇಟ್ಟ ಹಾಗಲ್ಲ ಇದು, ಇದು ಅದಕ್ಕಿಂತ ದೊಡ್ಡ ಮಂಕುತನ. ಅಮ್ಮಚ್ಚಿಯ ಗಲ್ಲಿಗೆ ಓಡಿದೆ. ಓಡುತ್ತಾ ನನಗೆ ನಾನೇ ಬೈದುಕೊಂಡ ಬೈಗುಳ ಬರೆಯುವಂಥದ್ದಲ್ಲ. ಅಧಿಕಾರಿ ಗಲ್ಲಿಯ ಬಾಯಲ್ಲೇ ಗಡಿಯಾರ ಹಿಡಿದು ನಿಂತಿದ್ದರು. ಆರು ನಿಮಿಷ ಆಗಿತ್ತು.

ಆಗ ಮನೆಯ ಬಾಗಿಲಿಂದ ಗಳದ ತುದಿ ಹೊರಬಂತು. ಗಳಕ್ಕೆ ಹೆಗಲು ಕೊಟ್ಟವಳು ಸಭೆಯಲ್ಲಿ ನಗುತ್ತಾ ಬೆಂಚಿನಿಂದ ಜಾರಿದ್ದ ಹೆಂಗಸು. ಹಿಂದೆ ಇನ್ನೊಬ್ಬಳು, ಸಿಗಡಿ ಸುಲಿಯುವ ಶೆಡ್ಡಿನವಳು. ನಡುವೆ ಬಲೆಯಲ್ಲಿ ಅಪ್ಪಚ್ಚನ್, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಪಕ್ಕದಲ್ಲಿ ಹೆಗಲು ಬದಲಿಸಲು ಮತ್ತಿಬ್ಬರು. ಎಲ್ಲರೂ ಸೀರೆ, ನೈಟಿ ಮೊಣಕಾಲಿಗೆ ಎತ್ತಿ ಸಿಕ್ಕಿಸಿದ್ದರು.

“ನೀವು ಯಾವಾಗ ಕಲಿತಿರಿ?” ಎಂದು ನಾನು ಬಾಯಿ ಬಿಟ್ಟೆ.

“ಹದಿನೈದು ದಿನದಿಂದ, ಮಧ್ಯಾಹ್ನ ಹೊತ್ತು,” ಅಂದರು ಗಳದ ಹಿಂದೆಯೇ ಹೊರಬಂದ ಅಮ್ಮಚ್ಚಿ, ನಿಲ್ಲದೆ. “ಗಂಡಸರನ್ನು ನಂಬಿ ಕೂತ್ರೆ ಆಗ್ತದಾ? ನಿನಗೆ ಹೇಳಿದ್ರೆ ಅದಕ್ಕೂ ಒಂದು ಫಾರ್ಮ್ ತರ್ತಿದ್ದಿ. ದಾರಿ ಬಿಡು!”

ದಾರಿ ಬಿಟ್ಟೆ. ಗಲ್ಲಿ ದಾಟಿದರು, ರಸ್ತೆ ದಾಟಿದರು. ಶಾಲೆಯ ಅಂಗಳಕ್ಕೆ ಬರುವಾಗ ಹದಿಮೂರು ನಿಮಿಷ. ಮೊದಲ ತಿರುವಿನಲ್ಲಿ ಮುಂದಿನವಳು ಗಳವನ್ನು ತಲೆಯ ಮೇಲಕ್ಕೆ ಎತ್ತಿದಳು, ಹಿಂದಿನವಳು ಸೊಂಟಕ್ಕೆ ಇಳಿಸಿದಳು, ಬಲೆ ಮೆಲ್ಲನೆ ಸುತ್ತು ತಿರುಗಿತು. ಎರಡನೇ ಮಾಳಿಗೆಯಲ್ಲಿ ಒಬ್ಬಳ ಕಾಲು ಜಾರಿ ಗಳ ತೂಗಾಡಿತು. “ಹೆದರಬೇಡ್ರೇ... ನಾನು ಮೀನಲ್ಲ... ಹಾರಿಹೋಗುವುದಿಲ್ಲ,” ಅಂದರು ಬಲೆಯೊಳಗಿಂದ ಅಪ್ಪಚ್ಚನ್. ಹೊತ್ತವರಿಗೆ ನಗು ತಡೆಯಲಾಗಲಿಲ್ಲ, ನಗುತ್ತಲೇ ಹತ್ತಿದರು. ಹೆಗಲು ಬದಲಾಯಿತು. ಮೂರನೇ ಮಾಳಿಗೆ. ತಾರಸಿಯ ಬಾಗಿಲು. ಮೊದಲೇ ಹತ್ತಿ ನಿಂತಿದ್ದ ಇಡೀ ವಾರ್ಡು ಬಾಗಿಲಿಂದ ಸರಿದು ಜಾಗ ಮಾಡಿತು.

ಹಿಂದಿನಿಂದ ಏದುಸಿರು ಬಿಡುತ್ತಾ ಹತ್ತಿ ಬಂದ ಅಧಿಕಾರಿ ಗಡಿಯಾರ ನೋಡಿದರು. “ಇಪ್ಪತ್ತೊಂದು ನಿಮಿಷ,” ಅಂದರು. ಆಮೇಲೆ ಆ ನಾಲ್ಕು ಹೆಂಗಸರ ಕಡೆ ತಿರುಗಿ ಕೈ ಮುಗಿದರು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. ನಾನು ಅಮ್ಮಚ್ಚಿಯನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತೆ, ಅವರು “ಸಾಕು ಮಾರಾಯ್ತಿ, ಚಟ್ಟೆ ಒದ್ದೆಯಾಯ್ತು” ಎಂದು ನನ್ನನ್ನು ನೂಕಿದರು.

ಸ್ವಲ್ಪ ಹೊತ್ತಿಗೆ ಕೆಲವರು ಇಳಿಯಲು ಹೊರಟರು. ಅಧಿಕಾರಿಗೂ ರೈಲು ಇತ್ತು, ಅವರೂ ಹೊರಟರು. ಅಮ್ಮಚ್ಚಿ ಹೋಗಿ ಮೆಟ್ಟಿಲಿಗೆ ಅಡ್ಡ ನಿಂತರು. “ಎಲ್ಲಿಗೆ? ಒಂದೇ ಸಲ ಬಂದು ಹೋಗ್ಲಿಕ್ಕೆ ಅದೇನು ನೆಂಟರಾ? ಎರಡನೇದು ಇನ್ನೂ ಬರ್ಲಿಕ್ಕುಂಟು. ಸೈರನ್ ಮತ್ತೆ ಊದುವವರೆಗೆ ಯಾರೂ ಇಳಿಯುವ ಹಾಗಿಲ್ಲ. ಸಾರ್, ನೀವೂ ಕೂತುಕೊಳ್ಳಿ.” ಸಾರ್ ನೀರಿನ ಟ್ಯಾಂಕಿಗೆ ಒರಗಿ ಕೂತರು. ನಾನು ಮೂರು ಸಭೆಗಳಲ್ಲಿ ಗಂಟಲು ಹರಿದುಕೊಂಡು ಹೇಳಿದ್ದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದ್ದರು.

ಹಾಗೆ ಕಾಯುತ್ತಿದ್ದಾಗ ಅಪ್ಪಚ್ಚನ್ ತಮ್ಮನ್ನು ಪಡುವಲಿಗೆ ತಿರುಗಿಸಿ ಎಂದು ಬೆರಳಲ್ಲಿ ಸನ್ನೆ ಮಾಡಿದರು. ಹೆಂಗಸರು ಬಲೆಯನ್ನು ಮೋಟುಗೋಡೆಗೆ ಒರಗಿಸಿ, ಬೆನ್ನಿಗೆ ಜನ ತಂದ ಚೀಲಗಳ ಆಸರೆ ಕೊಟ್ಟು ಕೂರಿಸಿದರು. ಎದುರಿಗೆ ಕಡಲು, ಬಿಸಿಲಲ್ಲಿ ಹರಡಿಕೊಂಡು ಕೂತಿತ್ತು. ಅವರು ಕಣ್ಣು ಕಿರಿದು ಮಾಡಿ ನೋಡಿದರು, ನೋಡುತ್ತಲೇ ಇದ್ದರು. ಆಗಲೇ ಅಮ್ಮಚ್ಚಿ ನನ್ನ ಕಿವಿಯಲ್ಲಿ ಹೇಳಿದ್ದು: ಮನೆಯಿಂದ ಕಡಲಿಗೆ ಐವತ್ತು ಹೆಜ್ಜೆ, ಆದರೆ ನಡುವೆ ಕಲ್ಲಿನ ಗೋಡೆ. ಹಾಸಿಗೆ ಹಿಡಿದ ಮೇಲೆ ನಾಲ್ಕು ವರ್ಷ ಅವರು ಅದರ ಸದ್ದು ಕೇಳಿದ್ದಷ್ಟೇ, ಒಂದು ಸಲವೂ ಕಣ್ಣಲ್ಲಿ ನೋಡಿರಲಿಲ್ಲ.

ಎಲ್ಲರನ್ನೂ ಇಳಿಸುವ ಸೈರನ್ ಊದಿತು. ಹೆಂಗಸರು ಗಳಕ್ಕೆ ಹೆಗಲು ಕೊಡಲು ಬಂದರು. ಅಪ್ಪಚ್ಚನ್ ಬಲಗೈಯಲ್ಲಿ ಮೋಟುಗೋಡೆ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

“ಮೋಳೇ... ನಾಳೆಯೂ ಉಂಟಾ... ಈ ಸುನಾಮಿ?”

ಗಳದ ಮುಂದಿನ ತುದಿಯವಳು, ಹೆಗಲು ಉಜ್ಜಿಕೊಳ್ಳುತ್ತಾ, “ಉಂಟು ಅಪ್ಪಚ್ಚಾ, ನಾಳೆ ಪಳ್ಳಿಯಲ್ಲಿ ಕುರ್ಬಾನ ಪೂಜೆ ಮುಗಿದ ಮೇಲೆ,” ಅಂದಳು.

ಅಂದಿನಿಂದ ಪ್ರತಿ ಭಾನುವಾರ ಅವರನ್ನು ಹೊತ್ತು ಹತ್ತಿಸುತ್ತಾರೆ, ಒಂದು ವಾರ ಹೆಂಗಸರು, ಒಂದು ವಾರ ಗಂಡಸರು. 'ಹಾಸಿಗೆ ಹಿಡಿದವರು' ಎಂಬ ಪುಟದಲ್ಲಿ ನಾನು ಬರೆದದ್ದು ಇಷ್ಟು: ವಾರಕ್ಕೊಮ್ಮೆ ಅಭ್ಯಾಸ, ತಾರಸಿ ಮುಟ್ಟಲು ಈಗ ಹದಿನಾರು ನಿಮಿಷ. ತಿರುವನಂತಪುರದಿಂದ ಅದು ಸಹಿಯಾಗಿ ಬಂದಿದೆ.